ಮೂರನೇ ಸ್ಟ್ರೈಕು ಮತ್ತು ಒಂದು ‘ಅಥವಾ’

ಸಾಫ್ಟ್‌ಬಾಲ್‌ನಲ್ಲಿ ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್. ಈ ಆಟವನ್ನು ಸರಿಯಾಗಿ ನೋಡದವರಿಗೂ ಇಷ್ಟು ಗೊತ್ತಿರುತ್ತದೆ. ಆದರೆ ಮೈದಾನದ ಪಕ್ಕ ನಾಲ್ಕು ಭಾನುವಾರ ಕೂತರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಮೂರನೇ ಸ್ಟ್ರೈಕ್ ಆದ ಹುಡುಗಿ ಡಗ್‌ಔಟ್ ಕಡೆ ತಲೆ ತಗ್ಗಿಸಿ ನಡೆಯುವ ಬದಲು ಬ್ಯಾಟು ಬಿಟ್ಟು ಮೊದಲನೇ ಬೇಸಿನ ಕಡೆ ಓಟ ಕೀಳುತ್ತಾಳೆ. ಕೆಲವೊಮ್ಮೆ ಅಲ್ಲಿ ತಲುಪಿ ಸೇಫ್ ಆಗಿ ನಿಂತೂ ಬಿಡುತ್ತಾಳೆ. ಇನ್ನು ಕೆಲವೊಮ್ಮೆ ಹಾಗೆ ಓಡಿದವಳನ್ನು ಅಂಪೈರ್ ಅರ್ಧ ದಾರಿಯಲ್ಲೇ ‘ಔಟ್’ ಎಂದು ಕೂಗಿ ನಿಲ್ಲಿಸುತ್ತಾರೆ.

ಕಾರಣ ಇಷ್ಟೇ: ಮೂರನೇ ಸ್ಟ್ರೈಕ್ ಆದ ಚೆಂಡನ್ನು ಕ್ಯಾಚರ್ ನೆಲಕ್ಕೆ ತಾಗುವ ಮೊದಲೇ ಹಿಡಿಯಬೇಕು. ಹಿಡಿಯದಿದ್ದರೆ ಬ್ಯಾಟರ್‌ಗೆ ಮೊದಲನೇ ಬೇಸಿಗೆ ಓಡುವ ಹಕ್ಕು ಸಿಗುತ್ತದೆ. ಆದರೆ ಯಾವಾಗಲೂ ಅಲ್ಲ. ಯಾವಾಗ ಸಿಗುತ್ತದೆ, ಯಾವಾಗ ಸಿಗುವುದಿಲ್ಲ ಎಂದು ಹೇಳುವ ಸಾಲೊಂದಿದೆ. ಕಳೆದ ವರ್ಷ ನನ್ನ ಮಗಳ ತಂಡದ ಪಾಲಕರ ನಡುವೆ ಸುಮಾರು ಮೂರು ವಾರ ಮನಸ್ತಾಪಕ್ಕೆ ಕಾರಣವಾದದ್ದು ಆ ಸಾಲು.

ನಾವಿರುವುದು ಪುಣೆಯಲ್ಲಿ. ಮಹಾರಾಷ್ಟ್ರದ ಶಾಲೆಗಳಲ್ಲಿ ಸಾಫ್ಟ್‌ಬಾಲ್ ಆಡುವ ಮಕ್ಕಳು ಸಾಕಷ್ಟಿದ್ದಾರೆ. ನಮ್ಮ ಕಡೆ ವಾಲಿಬಾಲ್, ಕಬಡ್ಡಿ ಇದ್ದ ಹಾಗೆ ಇಲ್ಲಿ ಶಾಲಾ ಪಂದ್ಯಗಳ ಪಟ್ಟಿಯಲ್ಲಿ ಇದೂ ಇರುತ್ತದೆ. ಗದಗ ಸೀಮೆಯಲ್ಲಿ ಬೆಳೆದ ನನಗೆ ಈ ಆಟ ಮಗಳಿಂದಲೇ ಪರಿಚಯ. ಓದದವರಿಗಾಗಿ ಎರಡು ಮಾತು: ಒಂದು ತಂಡಕ್ಕೆ ಒಂಬತ್ತು ಜನ, ಏಳು ಇನ್ನಿಂಗ್ಸ್, ಮೂವರು ಔಟಾದರೆ ತಂಡದ ಸರದಿ ಮುಗಿಯಿತು. ಚೆಂಡಿನ ಸುತ್ತಳತೆ 12 ಅಂಗುಲ, ಎಸೆಯುವುದು ಕೈ ಕೆಳಗಿನಿಂದ. ಬೇಸುಗಳ ನಡುವೆ 60 ಅಡಿ. ಹೆಸರು ಸಾಫ್ಟ್ ಆದರೂ ಚೆಂಡು ಗಟ್ಟಿಯಾಗಿಯೇ ಇರುತ್ತದೆ. ಮಗಳ ಮೊಣಕಾಲಿನ ಕಲೆಗಳು ಸಾಕ್ಷಿ. ಶುರುವಿನಲ್ಲಿ ಮಾತ್ರ ಹೆಸರಿಗೆ ತಕ್ಕಂತೆ ಮೆತ್ತಗಿತ್ತು. 1887ರಲ್ಲಿ ಶಿಕಾಗೋದ ಫ್ಯಾರಗಟ್ ಬೋಟ್ ಕ್ಲಬ್ಬಿನ ಒಳಾಂಗಣದಲ್ಲಿ ಜಾರ್ಜ್ ಹ್ಯಾನ್‌ಕಾಕ್ ಎಂಬವರು ಬಾಕ್ಸಿಂಗ್ ಗ್ಲೌಸನ್ನು ಚೆಂಡಿನಂತೆ ಬಿಗಿದು ಕಟ್ಟಿ, ಪೊರಕೆಯ ಕೋಲನ್ನು ಬ್ಯಾಟು ಮಾಡಿಕೊಂಡು ಆಡಿಸಿದ್ದು ಇದರ ಮೊದಲ ಆಟ.

ಮಗಳ ಶಾಲೆಯಲ್ಲಿ ನಿಯಮಗಳ ಒಂದು ಜೆರಾಕ್ಸ್ ಹಾಳೆ ಇತ್ತು. ಯಾರೋ ದೊಡ್ಡ ಪುಸ್ತಕದಿಂದ ಸಂಕ್ಷೇಪಿಸಿದ್ದು, ಇಂಗ್ಲಿಷಿನಲ್ಲಿತ್ತು. ಬ್ಯಾಟರ್ ಓಡಬಹುದಾದ ಸಂದರ್ಭವನ್ನು ಅದರಲ್ಲಿ ಹೇಳಿದ್ದು ಹೀಗೆ: ಮೊದಲನೇ ಬೇಸ್ ಖಾಲಿ ಮತ್ತು ಎರಡಕ್ಕಿಂತ ಕಡಿಮೆ ಔಟ್ ಅಥವಾ ಎರಡು ಔಟ್. ಎಲ್ಲೂ ಅಲ್ಪವಿರಾಮವಿಲ್ಲ.

ಇದನ್ನು ಎರಡು ರೀತಿ ಓದಬಹುದು. ‘ಮೊದಲನೇ ಬೇಸ್ ಖಾಲಿ ಇದ್ದು ಎರಡಕ್ಕಿಂತ ಕಡಿಮೆ ಔಟ್ ಇದ್ದಾಗ ಓಡಬಹುದು, ಎರಡು ಔಟ್ ಆಗಿದ್ದರೆ ಬೇಸ್ ಖಾಲಿ ಇರಲಿ ಬಿಡಲಿ ಓಡಬಹುದು’ ಎನ್ನುವುದು ಒಂದು. ‘ಔಟ್ ಎಷ್ಟೇ ಆಗಿರಲಿ, ಮೊದಲನೇ ಬೇಸ್ ಖಾಲಿ ಇದ್ದರೆ ಮಾತ್ರ ಓಡಬಹುದು’ ಎನ್ನುವುದು ಇನ್ನೊಂದು.

ಅಭ್ಯಾಸದ ಪಂದ್ಯವೊಂದರಲ್ಲಿ ಇಬ್ಬರು ಔಟಾಗಿದ್ದರು, ಮೊದಲನೇ ಬೇಸಿನಲ್ಲಿ ನಮ್ಮ ಓಟಗಾರ್ತಿ ಇದ್ದಳು. ಮೂರನೇ ಸ್ಟ್ರೈಕು ಕ್ಯಾಚರಿನ ಗ್ಲೌಸಿನಿಂದ ಜಾರಿತು. ಬ್ಯಾಟರ್ ಓಡಿದಳು. ಓಡು ಎಂದು ಕೂಗಿದ್ದು ಕೋಚ್. ಬೇಲಿಯ ಪಕ್ಕದಿಂದ ಒಬ್ಬ ಪಾಲಕರು ಹಾಳೆ ಹಿಡಿದು ಬಂದರು. ದೊಡ್ಡ ಕಂಪನಿಯೊಂದರ ಕಾನೂನು ವಿಭಾಗದಲ್ಲಿರುವವರು, ಇಂಗ್ಲಿಷ್ ನೀರು ಕುಡಿದಂತೆ. ಕೋಚ್ ಮಕ್ಕಳಿಗೆ ತಪ್ಪು ಹೇಳಿಕೊಡುತ್ತಿದ್ದಾರೆ ಎಂದು ಎಲ್ಲರೆದುರು ಸಾಲು ಓದಿ ತೋರಿಸಿದರು. ಅವರ ಓದು ಎರಡನೆಯದು.

ಕೋಚ್ ಸೋಲಾಪುರ ಕಡೆಯ ಹಳ್ಳಿಯವರು. ಹುಡುಗನಾಗಿದ್ದಾಗಿನಿಂದ ಈ ಆಟ ಆಡಿದವರು. ಮರಾಠಿಯಲ್ಲಿ ಮಾತಿನ ಮಲ್ಲ, ಇಂಗ್ಲಿಷ್ ಬಂದರೆ ಮಾತ್ರ ದನಿ ಇಳಿಯುತ್ತದೆ. ಅವರು ‘ಹಾಗಲ್ಲ ಸರ್, ಎರಡು ಔಟ್ ಇದ್ದಾಗ ಓಡಲೇಬೇಕು’ ಎಂದರು. ‘ಹಾಳೆಯಲ್ಲಿ ಎಲ್ಲಿದೆ ತೋರಿಸಿ’ ಎಂದಾಗ ಸುಮ್ಮನಾದರು. ಅವತ್ತು ಸಂಜೆಯಿಂದ ಪಾಲಕರ ವಾಟ್ಸ್‌ಆಪ್ ಗುಂಪಿನಲ್ಲಿ ಕೋಚ್ ಬದಲಾಯಿಸುವ ಮಾತು ಶುರುವಾಯಿತು. ಸಾಲಿನ ಅರ್ಥ ಏನು ಎನ್ನುವುದು ಆಗ ಬರೀ ವ್ಯಾಕರಣದ ಪ್ರಶ್ನೆಯಾಗಿ ಉಳಿದಿರಲಿಲ್ಲ. ಒಬ್ಬ ಮನುಷ್ಯನ ಕೆಲಸ, ಮಾನ ಎರಡೂ ಅದಕ್ಕೆ ತಗುಲಿಕೊಂಡಿದ್ದವು.

ಮಗಳು ಮನೆಗೆ ಬಂದು ‘ಅಪ್ಪಾ, ನೀನು ಆಫೀಸಿನಲ್ಲಿ ದಿನಾ ಇಂಥದ್ದೇ ಓದ್ತೀಯಲ್ಲ, ಯಾರು ಸರಿ?’ ಎಂದಳು. ಅವಳು ಹೇಳಿದ್ದು ನಿಜ. ಗ್ರಾಹಕರು ಕಳಿಸುವ ರಿಕ್ವೈರ್‌ಮೆಂಟ್ ಡಾಕ್ಯುಮೆಂಟಿನಲ್ಲಿ ‘ಮತ್ತು’, ‘ಅಥವಾ’ ಒಂದೇ ಸಾಲಿನಲ್ಲಿ ಬಂದರೆ ನನ್ನ ಪೆನ್ಸಿಲ್ ತಾನಾಗಿಯೇ ಅಲ್ಲಿ ಸುತ್ತು ಹಾಕುತ್ತದೆ. ಪ್ರೋಗ್ರಾಮಿನಲ್ಲಿ ಈ ಗೊಂದಲಕ್ಕೆ ಕಟ್ಟುನಿಟ್ಟಾದ ಉತ್ತರವಿದೆ: ಮೊದಲು ‘ಮತ್ತು’ ಕೂಡಿಕೊಳ್ಳುತ್ತದೆ, ಆಮೇಲೆ ‘ಅಥವಾ’. ಆ ಲೆಕ್ಕದಲ್ಲಿ ಕೋಚ್ ಸರಿ. ಆದರೆ ಹಾಳೆ ಬರೆದವರು ಪ್ರೋಗ್ರಾಂ ಬರೆಯುತ್ತಿರಲಿಲ್ಲ, ಹಾಗಾಗಿ ಅದನ್ನು ವಾದವಾಗಿ ಒಡ್ಡುವಂತಿರಲಿಲ್ಲ. ಇನ್ನೊಂದು ಸುಳಿವು ಸ್ವಲ್ಪ ಗಟ್ಟಿ. ಔಟ್ ಎಷ್ಟಿದ್ದರೂ ಬೇಸ್ ಖಾಲಿ ಇರಲೇಬೇಕು ಎನ್ನುವುದೇ ಉದ್ದೇಶವಾಗಿದ್ದರೆ ಔಟಿನ ಮಾತೇ ಬೇಕಿರಲಿಲ್ಲ. ಸೊನ್ನೆ, ಒಂದು, ಎರಡು ಬಿಟ್ಟರೆ ಬೇರೆ ಲೆಕ್ಕ ಇಲ್ಲವಲ್ಲ! ‘ಎರಡಕ್ಕಿಂತ ಕಡಿಮೆ ಅಥವಾ ಎರಡು’ ಎಂದರೆ ‘ಯಾವಾಗಲೂ’ ಎಂದೇ ಅರ್ಥ. ನಿಯಮ ಬರೆಯುವವರು ಆರು ಪದಗಳನ್ನು ಸುಮ್ಮನೆ ಖರ್ಚು ಮಾಡುವುದಿಲ್ಲ.

ಇದನ್ನೆಲ್ಲ ನಾನು ಮಗಳಿಗೆ ಹೇಳುತ್ತಿರುವಾಗ ಅವ್ವ ಅಲ್ಲೇ ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದಳು. ಮೊಮ್ಮಗಳ ಪಂದ್ಯಕ್ಕೆ ಕೊಡೆ ಹಿಡಿದು ತಪ್ಪದೆ ಬರುವವಳು ಅವಳು.

‘ಅಲ್ಲೋ ತಮ್ಮಾ, ಅದು ಹಂಗ ಅಂತ ಬರದದ್ದು ಖರೆ. ಯಾಕ ಬರದಾರ?’

ಅವ್ವನಿಗೆ ಕನ್ನಡದಲ್ಲಿ ವಿವರಿಸಲು ಹೊರಟಾಗ ಗೊತ್ತಾಯಿತು, ಜೆರಾಕ್ಸ್ ಹಾಳೆಯ ಸಾಲನ್ನು ಕನ್ನಡಕ್ಕೆ ಹಾಗೆಯೇ ತರುವುದು ಕಷ್ಟ. ‘ಇದ್ದು’, ‘ಆಗಿದ್ದರೆ’, ‘ಇದ್ದರೂ’ ಎಂದು ಕ್ರಿಯಾಪದ ಸೇರಿಸುತ್ತ ಹೋಗಬೇಕು. ಹಾಗೆ ಸೇರಿಸುವಾಗ ಯಾವ ಷರತ್ತು ಯಾವುದಕ್ಕೆ ಎಂದು ಮೊದಲೇ ತೀರ್ಮಾನಿಸಿರಬೇಕು. ತೀರ್ಮಾನಿಸಲು ಅವ್ವನ ಪ್ರಶ್ನೆಗೆ ಉತ್ತರ ಬೇಕು: ಯಾಕೆ?

ಮೇಜಿನ ಮೇಲೆ ನಾಲ್ಕು ಬಟ್ಟಲು ಇಟ್ಟೆವು. ಮಗಳೇ ಹೇಳಿದಳು. ‘ಅಜ್ಜಿ, ಇಲ್ಲಿ ಮೊದಲನೇ ಬೇಸಿನಲ್ಲಿ ನಾನಿದ್ದೀನಿ ಅನ್ಕೋ. ಯಾರೂ ಔಟಾಗಿಲ್ಲ. ಬ್ಯಾಟ್ ಮಾಡೋಳಿಗೆ ಮೂರನೇ ಸ್ಟ್ರೈಕ್ ಆಯ್ತು. ಕ್ಯಾಚರ್ ಬೇಕಂತಲೇ ಚೆಂಡು ಕೆಳಗೆ ಬೀಳಿಸಿದಳು. ಈಗ ಬ್ಯಾಟರ್‌ಗೆ ಓಡೋ ಹಕ್ಕು ಇದ್ದರೆ ಏನಾಗತ್ತೆ? ಅವಳು ನನ್ನ ಬೇಸಿಗೆ ಬರ್ತಾಳೆ, ಒಂದೇ ಬೇಸಿನಲ್ಲಿ ಇಬ್ಬರು ಇರೋಹಾಗಿಲ್ಲ, ನಾನು ಎರಡನೇ ಬೇಸಿಗೆ ಓಡಲೇಬೇಕು. ಕ್ಯಾಚರ್ ಚೆಂಡು ಎತ್ತಿ ಎರಡನೇ ಬೇಸಿಗೆ ಎಸೀತಾಳೆ, ಅಲ್ಲಿಂದ ಮೊದಲನೇದಕ್ಕೆ. ಒಂದೇ ಏಟಿಗೆ ಇಬ್ಬರೂ ಔಟ್. ಚೆಂಡು ಹಿಡಿದಿದ್ದರೆ ಒಬ್ಬಳೇ ಔಟ್, ಬೀಳಿಸಿದರೆ ಇಬ್ಬರು!’

‘ಹಂಗಂದ್ರ ಕೈ ತಪ್ಪಿಸಿದಾಕಿಗೆ ಲಾಭ ಆತು.’

‘ಅದಕ್ಕೇ ಆಗ ಬ್ಯಾಟರ್ ತಕ್ಷಣ ಔಟ್, ಓಡೋ ಹಕ್ಕು ಇಲ್ಲ. ಕ್ಯಾಚರ್‌ಗೆ ಮೋಸ ಮಾಡೋಕೆ ದಾರಿ ಇಲ್ಲ.’

‘ಮತ್ತ ಇಬ್ಬರು ಮೊದಲ ಔಟ್ ಆಗಿದ್ರ?’

ಮಗಳು ಒಂದು ಕ್ಷಣ ಬಟ್ಟಲು ನೋಡಿದಳು. ಇಬ್ಬರು ಔಟಾಗಿದ್ದರೆ ಇನ್ನೊಬ್ಬರು ಸಾಕು, ಇನ್ನಿಂಗ್ಸ್ ಮುಗಿಯಿತು. ಬೇಕಂತಲೇ ಬೀಳಿಸಿ ಎರಡು ಔಟ್ ಗಳಿಸಿದರೂ ಕ್ಯಾಚರ್‌ಗೆ ಹೆಚ್ಚಿನದೇನೂ ಸಿಗುವುದಿಲ್ಲ. ಮೋಸಕ್ಕೆ ಕಾರಣವಿಲ್ಲದಲ್ಲಿ ತಡೆಗೂ ಕಾರಣವಿಲ್ಲ, ಬ್ಯಾಟರ್ ಓಡಬಹುದು. ಕೋಚ್ ಸರಿ.

ಇದೇ ಮಾತನ್ನು ಕೋಚ್ ಮರುದಿನ ಮೈದಾನದಲ್ಲಿ ಮರಾಠಿಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿದರು: ಎರಡು ಔಟ್ ಆದಮೇಲೆ ಯಾರನ್ನು ಫಸಾಯಿಸೋದಿದೆ? ಅವರಿಗೆ ಹಾಳೆಯ ಸಾಲಿನ ಅವಶ್ಯಕತೆಯೇ ಇರಲಿಲ್ಲ. ಆಟದೊಳಗೆ ನಿಂತು ನೋಡಿದವರಿಗೆ ನಿಯಮದ ಕಾರಣ ಮೈಗೆ ಗೊತ್ತಿರುತ್ತದೆ. ಮೂಲ ನಿಯಮಪುಸ್ತಕದಲ್ಲಿ ಇದನ್ನು ಬಿಡಿಸಿಯೇ ಬರೆದಿರುತ್ತಾರೆ, ‘ಎರಡು ಔಟ್ ಆಗಿದ್ದಾಗ ಯಾವಾಗ ಬೇಕಾದರೂ’ ಎನ್ನುವ ಅರ್ಥ ಬರುವಂತೆ. ಸಂಕ್ಷೇಪಿಸಿದವರ ಕೈಯಲ್ಲಿ ಅದು ನಜ್ಜುಗುಜ್ಜಾಗಿತ್ತು.

ಅಂದಹಾಗೆ ಮೂರನೇ ಸ್ಟ್ರೈಕ್ ಹಿಡಿಯದಿದ್ದರೆ ಓಡಬಹುದು ಎನ್ನುವುದು ಸಾಫ್ಟ್‌ಬಾಲ್‌ಗಿಂತ ಹಳೆಯದು. 1845ರಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ ಬೇಸ್‌ಬಾಲ್‌ಗೆ ಬರೆದ ನಿಯಮಗಳಲ್ಲೇ ಅದು ಇದೆ. ಮೂರು ಸಲ ಬೀಸಿ ತಪ್ಪಿಸಿಕೊಂಡ ಚೆಂಡನ್ನು ಹಿಡಿದರೆ ಔಟ್, ಹಿಡಿಯದಿದ್ದರೆ ಹೊಡೆದಂತೆಯೇ ಲೆಕ್ಕ, ಆಟಗಾರ ಓಡಬೇಕು. ಅಂದರೆ ಮೂಲದಲ್ಲಿ ಓಡುವುದೇ ನಿಯಮ. ಓಡಬಾರದು ಎನ್ನುವುದು ಆಮೇಲೆ ಮೋಸ ತಡೆಯಲು ಸೇರಿದ ಅಪವಾದ. ಅಪವಾದವನ್ನು ಅದರ ಕಾರಣದ ಆಚೆಗೆ ಎಳೆಯಬಾರದು ಎನ್ನುವುದು ಕಾನೂನು ವಿಭಾಗದ ಆ ಪಾಲಕರಿಗೂ ಗೊತ್ತಿರುವ ತತ್ವವೇ. ಅವರ ಬಳಿ ಬಟ್ಟಲಾಟ ಆಡಿ ತೋರಿಸಿದ್ದು ಮಗಳು. ಅವರು ಒಪ್ಪಿದರು. ಗುಂಪಿನಲ್ಲಿ ಒಂದು ಹೆಬ್ಬೆಟ್ಟಿನ ಚಿತ್ರ ಬಂತು. ಕೋಚ್ ಬದಲಿಸುವ ಮಾತು ಅಲ್ಲಿಗೆ ನಿಂತಿತು. ಕೋಚ್‌ಗೆ ಮಾತ್ರ ಯಾರೂ ಏನೂ ಹೇಳಲಿಲ್ಲ.

ಆಮೇಲೆ ಕೋಚ್ ನನ್ನ ಹತ್ತಿರ ಬಂದು, ಬ್ಯಾಟಿಂಗ್ ನಿಯಮಗಳನ್ನು ಎರಡು ಪುಟದಲ್ಲಿ ಸರಿಯಾಗಿ ಬರೆದುಕೊಡಿ ಎಂದರು. ಅವರು ಮರಾಠಿಯಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಬರೆಯುವುದು ಎಂದಾಯಿತು. ಪ್ರತಿ ನಿಯಮದ ಪಕ್ಕ ‘ಯಾಕೆ’ ಎಂಬ ಒಂದು ಕಾಲಂ ಇರಬೇಕೆಂದು ನಾನು ಕೇಳಿದೆ. ಆ ಕಾಲಂ ತುಂಬುವಾಗ ಗೊತ್ತಾದದ್ದು, ಎಲ್ಲ ಅಸ್ಪಷ್ಟತೆಯೂ ಒಂದೇ ಜಾತಿಯದಲ್ಲ.

‘ಮುಂದಿನ’ ಎಂಬ ಪದವನ್ನೇ ತೆಗೆದುಕೊಳ್ಳಿ. ಬ್ಯಾಟಿಂಗ್ ಸರದಿ ತಪ್ಪಿದಾಗ ಏನು ಮಾಡಬೇಕು ಎನ್ನುವ ನಿಯಮದಲ್ಲಿ ‘ಮುಂದಿನ ಬ್ಯಾಟರ್’ ಪದೇ ಪದೇ ಬರುತ್ತದೆ. ಯಾರ ಮುಂದಿನ? ಸರದಿ ಗಂಗಾ, ತುಂಗಾ, ಕಾವೇರಿ, ಕೃಷ್ಣಾ ಎಂದಿಟ್ಟುಕೊಳ್ಳೋಣ. ಗಂಗಾ ಆದಮೇಲೆ ತುಂಗಾ ಬರಬೇಕು, ಅವಸರದಲ್ಲಿ ಕಾವೇರಿ ಬಂದಳು. ಅವಳು ಬ್ಯಾಟ್ ಮಾಡುತ್ತಿರುವಾಗಲೇ ಗೊತ್ತಾದರೆ ತೊಂದರೆಯಿಲ್ಲ. ತುಂಗಾ ಬಂದು ಅದೇ ಬಾಲ್, ಸ್ಟ್ರೈಕ್ ಲೆಕ್ಕದಿಂದ ಮುಂದುವರಿಸುತ್ತಾಳೆ. ಕಾವೇರಿ ಹೊಡೆದು ಮೊದಲನೇ ಬೇಸ್ ತಲುಪಿದಳು, ಇನ್ನೊಂದು ಚೆಂಡು ಎಸೆಯುವ ಮೊದಲೇ ಎದುರಾಳಿಗಳು ಅಪೀಲ್ ಮಾಡಿದರು ಅನ್ನಿ. ಆಗ ಔಟಾಗುವವಳು ಕಾವೇರಿ ಅಲ್ಲ, ಬರಬೇಕಾಗಿದ್ದ ತುಂಗಾ. ಮುಂದಿನವಳು ತುಂಗಾಳ ನಂತರದವಳು, ಅಂದರೆ ಕಾವೇರಿಯೇ ಮತ್ತೆ ಬೇಸಿನಿಂದ ಬಂದು ಬ್ಯಾಟ್ ಹಿಡಿಯಬೇಕು! ಇನ್ನೊಂದು ಚೆಂಡು ಎಸೆದಾದ ಮೇಲೆ ಎಚ್ಚರವಾದರೆ ಕಾಲ ಮೀರಿತು. ಕಾವೇರಿಯ ಆಟ ಸಕ್ರಮವಾಯಿತು, ಮುಂದಿನವಳು ಕೃಷ್ಣಾ, ತುಂಗಾಳ ಸರದಿ ಆ ಸುತ್ತಿಗೆ ಹೋಯಿತು.

ಒಂದೇ ‘ಮುಂದಿನ’, ಎರಡು ಲೆಕ್ಕ. ಔಟ್ ಕೊಟ್ಟರೆ ಔಟಾದವಳಿಂದ ಎಣಿಸಬೇಕು, ಸಕ್ರಮವಾದರೆ ಆಡಿದವಳಿಂದ ಎಣಿಸಬೇಕು. ನಮಗೆ ಕನ್ನಡದವರಿಗೆ ಇದು ಹೊಸದಲ್ಲ. ‘ಮುಂದಿನ ಶನಿವಾರ ಬರ್ತೀನಿ’ ಎಂದವರು ನಾಳೆ ಬರುತ್ತಾರೋ ಎಂಟು ದಿನ ಬಿಟ್ಟು ಬರುತ್ತಾರೋ ಎಂದು ಎಷ್ಟು ಸಲ ಫೋನ್ ಮಾಡಿ ಕೇಳಿಲ್ಲ! ಇಲ್ಲಿ ‘ಯಾಕೆ’ ಕಾಲಂನಲ್ಲಿ ಕೋಚ್ ಹೇಳಿ ಬರೆಸಿದ್ದು: ಎದುರಾಳಿ ಎಚ್ಚರವಾಗಿದ್ದರೆ ಲಾಭ ಸಿಗಬೇಕು, ಆದರೆ ತಡವಾಗಿ ಎಚ್ಚರವಾದವರಿಗಾಗಿ ಆಟವನ್ನು ಹಿಂದಕ್ಕೆ ತಿರುಗಿಸುತ್ತ ಕೂರಬಾರದು. ಕಾರಣ ಗೊತ್ತಾದ ಮೇಲೆ ಹುಡುಗಿಯರಾರೂ ಈ ಲೆಕ್ಕ ಮರೆತಿಲ್ಲ.

ಇನ್ನೊಂದು ಜಾತಿಯ ಪದಗಳು ಬೇಕೆಂದೇ ಸಡಿಲವಾಗಿರುವಂಥವು. ಇನ್‌ಫೀಲ್ಡ್ ಫ್ಲೈ ನಿಯಮದಲ್ಲಿ ಇಬ್ಬರಿಗಿಂತ ಕಡಿಮೆ ಔಟ್ ಇದ್ದು, ಮೊದಲ ಎರಡು ಬೇಸುಗಳಲ್ಲಿ ಅಥವಾ ಮೂರರಲ್ಲೂ ಓಟಗಾರರಿರುವಾಗ, ಒಳಾಂಗಣದ ಫೀಲ್ಡರ್ ‘ಸಾಮಾನ್ಯ ಪ್ರಯತ್ನದಲ್ಲಿ’ ಹಿಡಿಯಬಹುದಾದ ಚೆಂಡು ಮೇಲಕ್ಕೆದ್ದರೆ ಬ್ಯಾಟರ್ ಕೂಡಲೇ ಔಟ್, ಹಿಡಿದರೂ ಬಿಟ್ಟರೂ. ಇದೂ ಬೇಕಂತಲೇ ಬೀಳಿಸಿ ಎರಡು ಔಟ್ ಗಿಟ್ಟಿಸುವವರಿಗೆ ಹಾಕಿದ ತಡೆ. ಈ ಒಂದು ನಿಯಮ ಹುಟ್ಟಿ ಬೆಳೆದ ರೀತಿಯನ್ನು ಕಾನೂನಿನ ಬೆಳವಣಿಗೆಗೆ ಹೋಲಿಸಿ ವಿಲಿಯಂ ಸ್ಟೀವನ್ಸ್ ಎಂಬ ಕಾನೂನು ವಿದ್ಯಾರ್ಥಿ 1975ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾನೂನು ಪತ್ರಿಕೆಯಲ್ಲಿ ಪುಟ್ಟ ಲೇಖನ ಬರೆದಿದ್ದ. ಅರ್ಧ ತಮಾಷೆಯ ಆ ಲೇಖನ ಆಮೇಲೆ ಬಹಳ ಪ್ರಸಿದ್ಧವಾಯಿತು.

‘ಸಾಮಾನ್ಯ ಪ್ರಯತ್ನ’ ಎಂದರೆ ಎಷ್ಟು ಹೆಜ್ಜೆ ಎಂದು ಬರೆದುಬಿಡೋಣ ಎಂದು ಒಬ್ಬ ಪಾಲಕರು ಸೂಚಿಸಿದರು. ಕೋಚ್ ತಲೆ ಅಲ್ಲಾಡಿಸಿದರು. ಹನ್ನೆರಡು ವರ್ಷದವಳಿಗೆ ಸಾಮಾನ್ಯವಲ್ಲದ್ದು ಹದಿನೇಳರವಳಿಗೆ ಸಾಮಾನ್ಯ. ಗಾಳಿ ಇದ್ದ ದಿನ, ಬಿಸಿಲು ಕಣ್ಣಿಗೆ ಹೊಡೆಯುವ ಮೂಲೆ, ಮಳೆ ಬಂದು ಜಾರುವ ನೆಲ, ಎಲ್ಲವೂ ಬೇರೆ ಬೇರೆ. ಹೆಜ್ಜೆ ಬರೆದರೆ ಸಾಲು ಸ್ಪಷ್ಟವಾಗುತ್ತದೆ, ತೀರ್ಪು ಕೆಡುತ್ತದೆ. 2012ರ ಅಕ್ಟೋಬರ್ 5ರಂದು ಅಟ್ಲಾಂಟಾದಲ್ಲಿ ಬ್ರೇವ್ಸ್ ಮತ್ತು ಕಾರ್ಡಿನಲ್ಸ್ ನಡುವಿನ ಬೇಸ್‌ಬಾಲ್ ನಾಕೌಟ್ ಪಂದ್ಯದಲ್ಲಿ ಹೊರಮೈದಾನಕ್ಕೆ ಹೋಗಿ ಬಿದ್ದ ಚೆಂಡಿಗೆ ಅಂಪೈರ್ ಈ ನಿಯಮ ಹಚ್ಚಿದಾಗ ಪ್ರೇಕ್ಷಕರು ಬಾಟಲಿ ಎಸೆದು ಆಟ ನಿಲ್ಲಿಸಿದ್ದರು. ಅಷ್ಟಾದರೂ ಆ ಪದ ಹಾಗೆಯೇ ಉಳಿದಿದೆ. ಅಲ್ಲಿ ಪದ ಅಸ್ಪಷ್ಟವಲ್ಲ, ಅದು ಅಂಪೈರಿನ ಕಣ್ಣಿಗೆ ಬಿಟ್ಟ ಜಾಗ.

ಹಾಗಾದರೆ ಬರೆದ ಪದಕ್ಕಿಂತ ಕಾರಣವೇ ದೊಡ್ಡದೇ? ಈ ಪ್ರಶ್ನೆಗೆ ಬೇಸ್‌ಬಾಲಿನ ಹೆಸರಾಂತ ಉದಾಹರಣೆಯೊಂದಿದೆ. 1983ರ ಜುಲೈ 24, ಯಾಂಕಿ ಸ್ಟೇಡಿಯಂ. ಕಾನ್ಸಾಸ್ ಸಿಟಿ ರಾಯಲ್ಸ್ ತಂಡದ ಜಾರ್ಜ್ ಬ್ರೆಟ್ ಒಂಬತ್ತನೇ ಇನ್ನಿಂಗ್ಸಿನಲ್ಲಿ ಹೋಮ್‌ರನ್ ಹೊಡೆದು ತಂಡಕ್ಕೆ 5-4ರ ಮುನ್ನಡೆ ತಂದರು. ಹಿಡಿತ ಜಾರದಿರಲೆಂದು ಬ್ಯಾಟಿಗೆ ಹಚ್ಚುವ ಪೈನ್ ಟಾರ್ ಎಂಬ ಅಂಟು ಹಿಡಿಯಿಂದ 18 ಅಂಗುಲದ ಮೇಲೆ ಹೋಗಬಾರದು. ಬ್ರೆಟ್ ಬ್ಯಾಟಿನಲ್ಲಿ ಹೋಗಿತ್ತು. ಯಾಂಕೀಸ್ ಮ್ಯಾನೇಜರ್ ಬಿಲ್ಲಿ ಮಾರ್ಟಿನ್ ಆಕ್ಷೇಪಿಸಿದರು. ಅಂಪೈರುಗಳು 17 ಅಂಗುಲ ಅಗಲದ ಹೋಮ್ ಪ್ಲೇಟಿಗೆ ಬ್ಯಾಟು ಹಿಡಿದು ಅಳೆದು ಬ್ರೆಟ್ ಔಟ್ ಎಂದರು, ಪಂದ್ಯ ಮುಗಿಯಿತು. ಕೆಂಡಾಮಂಡಲವಾಗಿ ಡಗ್‌ಔಟಿನಿಂದ ನುಗ್ಗಿ ಬಂದ ಬ್ರೆಟ್ ಚಿತ್ರ ಇಂದಿಗೂ ಓಡಾಡುತ್ತಿದೆ. ರಾಯಲ್ಸ್ ಪ್ರತಿಭಟನೆ ಸಲ್ಲಿಸಿದರು. ಲೀಗ್ ಅಧ್ಯಕ್ಷ ಲೀ ಮ್ಯಾಕ್‌ಫೇಲ್ ಅದನ್ನು ಎತ್ತಿಹಿಡಿದರು. ಅಂಟಿನ ಮಿತಿ ಚೆಂಡು ಕೊಳೆಯಾಗದಿರಲಿ ಎಂಬುದಕ್ಕೆ, ಅದರಿಂದ ಚೆಂಡು ದೂರ ಹೋಗುವುದಿಲ್ಲ. ಅಂಥ ಬ್ಯಾಟನ್ನು ಆಟದಿಂದ ತೆಗೆಯಬೇಕು, ಹೊಡೆದವನನ್ನು ಔಟ್ ಮಾಡುವುದು ನಿಯಮದ ಆಶಯವಲ್ಲ ಎಂದರು. ಆಗಸ್ಟ್ 18ರಂದು ಆ ಹೋಮ್‌ರನ್ನಿನಿಂದಲೇ ಆಟ ಮುಂದುವರಿಸಿದರು. ರಾಯಲ್ಸ್ 5-4ರಿಂದ ಗೆದ್ದರು.

ಈ ಕಥೆ ಹೇಳಿದಾಗ ಮಗಳು ಖುಷಿಪಟ್ಟಳು. ಕೋಚ್ ಅಷ್ಟು ಪಡಲಿಲ್ಲ. ಆಶಯ ಎಂದು ಎಲ್ಲರೂ ತಮಗೆ ಬೇಕಾದ್ದನ್ನು ಹೇಳಬಹುದು ಎಂದರು. ಅವರ ಮಾತಿನ ಬೆಲೆ ಗೊತ್ತಾದದ್ದು ಜಿಲ್ಲಾ ಮಟ್ಟದ ಶಾಲಾ ಪಂದ್ಯದಲ್ಲಿ.

ಬ್ಯಾಟರ್ ನಿಲ್ಲುವ ಚೌಕವನ್ನು ಬ್ಯಾಟರ್ಸ್ ಬಾಕ್ಸ್ ಎನ್ನುತ್ತಾರೆ. ಉದ್ದ 7 ಅಡಿ, ಅಗಲ 3 ಅಡಿ, ಸುಣ್ಣದ ಗೆರೆ. ಇದರ ಬಗ್ಗೆ ಎರಡು ಸಾಲುಗಳಿವೆ. ಚೆಂಡು ಎಸೆಯುವ ಮೊದಲು ಎರಡೂ ಪಾದಗಳು ಗೆರೆಗಳ ಒಳಗಿರಬೇಕು. ಗೆರೆ ಮೆಟ್ಟಬಹುದು, ಪಾದದ ಯಾವ ಭಾಗವೂ ಗೆರೆಯಾಚೆ ಇರಬಾರದು. ಚೆಂಡಿಗೆ ಬ್ಯಾಟು ತಾಗುವ ಕ್ಷಣದಲ್ಲಿ ಮಾತ್ರ ಅಳತೆ ಬೇರೆ: ಇಡೀ ಪಾದ ಗೆರೆಯಾಚೆ ಪೂರ್ತಿಯಾಗಿ ನೆಲಕ್ಕೆ ತಾಗಿದ್ದರೆ ಔಟ್, ಚೆಂಡು ಫೇರ್ ಆಗಲಿ ಫೌಲ್ ಆಗಲಿ. ಮೊದಲನೆಯದರಲ್ಲಿ ‘ಯಾವ ಭಾಗವೂ’, ಎರಡನೆಯದರಲ್ಲಿ ‘ಇಡೀ’. ಗೆರೆ ಬಾಕ್ಸಿಗೆ ಸೇರಿದ್ದು. ಕ್ರಿಕೆಟ್ ನೋಡಿ ಬೆಳೆದವರು ಇಲ್ಲಿ ಎಡವುತ್ತಾರೆ. ಅಲ್ಲಿ ಬ್ಯಾಟು ಕ್ರೀಸಿನ ಗೆರೆಯ ಮೇಲಿದ್ದರೆ ಸಾಲದು, ದಾಟಿ ಒಳಗಿರಬೇಕು.

ಮಗಳು ಬರೆಯುವುದು ಬಲಗೈಯಲ್ಲಿ, ಬ್ಯಾಟ್ ಮಾಡುವುದು ಎಡಗೈಯವರಂತೆ. ಮೊದಲನೇ ಬೇಸಿಗೆ ಎರಡು ಹೆಜ್ಜೆ ಹತ್ತಿರವಾಗಲಿ ಎಂದು ಕೋಚ್ ಕಲಿಸಿದ್ದು. ಚೆಂಡು ಬರುತ್ತಿರುವಾಗಲೇ ಎಡಗಾಲು ಮುಂದಿಟ್ಟು ಓಡುತ್ತ ಹೊಡೆಯುವ ‘ಸ್ಲ್ಯಾಪ್’ ಅವಳ ಆಟ. ಅವತ್ತು ಒಂದು ಸ್ಟ್ರೈಕ್ ಆಗಿತ್ತು. ಹಾಗೆ ಹೊಡೆದಳು, ಚೆಂಡು ಫೌಲ್ ಹೋಯಿತು. ಅಂಪೈರ್ ಕೈ ಎತ್ತಿ ಔಟ್ ಎಂದರು, ಪಾದದ ಕಡೆ ಬೆರಳು ತೋರಿಸಿದರು. ನಮ್ಮ ಬೇಲಿಯ ಕಡೆಯಿಂದ ಗದ್ದಲ ಎದ್ದಿತು. ನಿಯಮದ ಆಶಯ ಗೊತ್ತೇ ನಿಮಗೆ ಎಂದು ಯಾರೋ ಇಂಗ್ಲಿಷಿನಲ್ಲಿ ಕೂಗಿದರು. ಅಂಪೈರ್ ಮುಖ ಬಿಗಿಯಿತು.

ಕೋಚ್ ನಮ್ಮೆಲ್ಲರಿಗೆ ಕೂರಿ ಎಂದು ಕೈ ಮಾಡಿ ನಿಧಾನ ಒಳಗೆ ಹೋದರು. ಅವರಿಗೆ ಎರಡು ವಿಷಯ ಗೊತ್ತಿತ್ತು. ಅಂಪೈರ್ ಕಂಡದ್ದರ ಬಗ್ಗೆ ಪ್ರತಿಭಟನೆ ಇಲ್ಲ, ನಿಯಮವನ್ನು ತಪ್ಪಾಗಿ ಹಚ್ಚಿದ್ದರೆ ಮಾತ್ರ ಉಂಟು. ಅದೂ ಮುಂದಿನ ಚೆಂಡು ಎಸೆಯುವ ಮೊದಲು. ಅವರು ಕೇಳಿದ್ದು ಇಷ್ಟೇ: ‘ಸರ್, ನಿಮ್ಮ ನಿರ್ಣಯದ ಬಗ್ಗೆ ಅಲ್ಲ. ಪಾದ ಎಲ್ಲಿ ಕಂಡಿತು ಹೇಳಿ.’ ಪಾದ ಗೆರೆಯಿಂದ ಪೂರ್ತಿ ಆಚೆ ಇತ್ತು ಎಂದು ಅವರು ಹೇಳಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆ ಅಂಪೈರ್ ಪ್ರಾಮಾಣಿಕರು. ‘ಬೆರಳು ಗೆರೆಯ ಮೇಲಿತ್ತು, ಹಿಮ್ಮಡಿ ಹೊರಗಿತ್ತು’ ಎಂದರು. ಕೋಚ್ ಕಿಟ್‌ಬ್ಯಾಗಿನಿಂದ ಪುಸ್ತಕ ತರಿಸಿ, ಎರಡು ಸಾಲುಗಳನ್ನೂ ಬೆರಳಿಟ್ಟು ತೋರಿಸಿದರು. ಚೆಂಡು ಎಸೆಯುವ ಮೊದಲಿನ ಅಳತೆಯನ್ನು ಹೊಡೆಯುವ ಕ್ಷಣಕ್ಕೆ ಹಚ್ಚಲಾಗಿತ್ತು. ಅಂಪೈರ್ ಬೇಸ್ ಅಂಪೈರನ್ನು ಕರೆದು ಮಾತಾಡಿದರು. ಔಟ್ ಹಿಂದೆಗೆದು, ಫೌಲ್, ಎರಡನೇ ಸ್ಟ್ರೈಕ್ ಎಂದರು.

ಆಶಯದ ಮಾತು ಎತ್ತಿದ್ದರೆ ಅಲ್ಲಿ ಸೋಲುತ್ತಿದ್ದೆವು. ಬ್ಯಾಟರ್ ಮುಂದೆ ನುಗ್ಗದಿರಲಿ ಎಂಬುದೇ ಬಾಕ್ಸಿನ ಆಶಯ ಎಂದು ಅಂಪೈರ್ ಹೇಳಬಹುದಿತ್ತು, ಅದೂ ಸುಳ್ಳಲ್ಲ. ಹದಿನಾಲ್ಕರ ಹುಡುಗಿಯನ್ನು ಕಾಪಾಡಿದ್ದು ‘ಇಡೀ’ ಎಂಬ ಒಂದು ಪದ. ಸಾಲಿಗೆ ಎರಡು ಅರ್ಥ ಬಂದಾಗ ಕಾರಣ ಕೇಳಬೇಕು. ಸಾಲಿಗೆ ಒಂದೇ ಅರ್ಥವಿದ್ದಾಗ ಅದನ್ನು ಓದಬೇಕು, ಅಷ್ಟೇ. ಸಾಲು ಬೇಕೆಂದೇ ಜಾಗ ಬಿಟ್ಟಿದ್ದರೆ ನೋಡಿದವರ ಮಾತು ಕೇಳಿ ಸುಮ್ಮನಿರಬೇಕು. ಮೂರರಲ್ಲಿ ಯಾವುದು ಎಂದು ಗುರುತಿಸಲು ಇಂಗ್ಲಿಷ್ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಆಟ ಗೊತ್ತಿರಬೇಕು.

ಮುಂದಿನ ಚೆಂಡಿಗೆ ಮಗಳು ಬೀಸಿದಳು, ತಾಗಲಿಲ್ಲ, ಕ್ಯಾಚರ್ ಹಿಡಿದಳು. ಔಟ್. ಮನೆಗೆ ಬರುವಾಗ ರಿಕ್ಷಾದಲ್ಲಿ ಅವಳಿಗೆ ಅದರ ಬೇಜಾರೇನೂ ಇರಲಿಲ್ಲ. ‘ಇದು ನಾನು ಆಗಿದ್ದ ಔಟ್ ಅಪ್ಪಾ’ ಎಂದಳು.

ನಾವು ಪರಊರಿನಲ್ಲಿರುವವರು ದಿನವೂ ಇನ್ನೊಬ್ಬರ ಭಾಷೆಯಲ್ಲಿ ಬರೆದ ಸಾಲುಗಳ ಕೆಳಗೆ ಬದುಕುತ್ತೇವೆ: ಬಾಡಿಗೆ ಕರಾರು, ಸೊಸೈಟಿಯ ನಿಯಮ, ಶಾಲೆಯ ಸುತ್ತೋಲೆ. ಚೆನ್ನಾಗಿ ಓದಿ ಹೇಳುವವರ ಮಾತೇ ಅರ್ಥ ಎಂದು ಒಪ್ಪಿಬಿಡುವುದು ಸುಲಭ. ಕೋಚ್ ಅವರಂಥವರು ಸುಮ್ಮನಾದಾಗ ಅವರಿಗೆ ಗೊತ್ತಿಲ್ಲ ಎಂದುಕೊಳ್ಳುವುದು ಇನ್ನೂ ಸುಲಭ.

ಆ ಎರಡು ಪುಟ ಈಗ ಮರಾಠಿಯಲ್ಲೂ ಇದೆ. ಕೋಚ್ ಸ್ವತಃ ಬರೆದದ್ದು, ನನ್ನ ಇಂಗ್ಲಿಷಿಗಿಂತ ಚಿಕ್ಕದು, ಚೆನ್ನಾದದ್ದು. ಹೊಸ ವರ್ಷದ ಪಾಲಕರ ಸಭೆಯಲ್ಲಿ ಅದನ್ನು ಅವರೇ ಓದಿ ವಿವರಿಸಿದರು, ಮೇಜಿನ ಮೇಲೆ ನಾಲ್ಕು ಸ್ಟೀಲ್ ಲೋಟ ಇಟ್ಟು. ಕಾನೂನು ವಿಭಾಗದ ಪಾಲಕರು ಮೊದಲ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಕನ್ನಡದ ಪ್ರತಿ ಒಂದೇ ಒಂದು. ಅದು ಅವ್ವನ ಕನ್ನಡಕದ ಡಬ್ಬಿಯಲ್ಲಿ ಮಡಚಿಟ್ಟಿದೆ.